ಹುಲ್ಲಿನ ಬುಡದಲ್ಲಿ 20 ಸಾವಿರ ವರ್ಷ

ಭೂಮಧ್ಯರೇಖೆಯಿಂದ ಬರೀ 11 ಡಿಗ್ರಿ ಉತ್ತರಕ್ಕೆ, ತೆಂಗು ಅಡಿಕೆ ಬೆಳೆಯುವ ಸೀಮೆಯ ನೆತ್ತಿಯ ಮೇಲೆಯೇ, ಜನವರಿಯ ಬೆಳಗಿನಲ್ಲಿ ನೆಲ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಹುಲ್ಲಿನ ಒಂದೊಂದು ಎಸಳಿನ ಅಂಚಿಗೂ ಹಿಮದ ಹರಳು! ಕಾಲಿಟ್ಟರೆ ಕರಕರ ಸದ್ದು. ಬಿಸಿಲು ಗುಡ್ಡದ ನೆತ್ತಿ ಮುಟ್ಟಿ, ಇಳಿಜಾರಿನಲ್ಲಿ ಮಾರು ಮಾರೇ ಕೆಳಗಿಳಿದು ಬರುತ್ತಿದ್ದಂತೆ ಆ ಬಿಳುಪು ಕರಗಿ ನೀರಾಗಿ, ನೀರು ಆವಿಯಾಗಿ, ನೋಡುನೋಡುತ್ತಲೇ ಇಡೀ ಬಯಲು ಹೊಗೆಯಾಡತೊಡಗುತ್ತದೆ. ಆ ಹೊಗೆಯ ನಡುವಿಂದ ಕಡವೆಯೊಂದು ಮೊಣಕಾಲುದ್ದದ ಹುಲ್ಲು ತುಳಿಯುತ್ತ ಎದ್ದುಬರುತ್ತದೆ. ಇದು ದಕ್ಷಿಣ ಭಾರತವೇ? ಹೌದು, ನೀಲಗಿರಿಯೇ. ಊಟಿಯ ಬೋಟು, ಚಾಕೊಲೇಟು, ಪುಟಾಣಿ ರೈಲು ಎಲ್ಲ ಮುಗಿದು, ಪಡುವಣದ ಕಡೆಗೆ ರಸ್ತೆಯೂ ಮುಗಿದ ಮೇಲೆ ಶುರುವಾಗುವ ನೀಲಗಿರಿ.

ಮುಕುರ್ತಿ ರಾಷ್ಟ್ರೀಯ ಉದ್ಯಾನ ಇರುವುದು ಅಲ್ಲಿ. 78.46 ಚದರ ಕಿಲೋಮೀಟರ್. ನಮ್ಮ ಬಂಡೀಪುರದ ಹತ್ತರಲ್ಲೊಂದು ಪಾಲೂ ಇಲ್ಲ. ಆದರೆ ಅದರೊಳಗೆ ನಿಂತಾಗ ಅಂಚೇ ಕಾಣುವುದಿಲ್ಲ! ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು, ಎಲ್ಲವೂ ದುಂಡಗೆ, ಎಲ್ಲವೂ ಹುಲ್ಲು ಹೊದ್ದು, ಒಂದು ಮರವಿಲ್ಲ. ಮರವೆಲ್ಲ ಗುಡ್ಡಗಳ ಮಡಿಕೆಗಳಲ್ಲಿ, ನೀರು ಹರಿಯುವ ಸಂದುಗಳಲ್ಲಿ ಒತ್ತೊತ್ತಾಗಿ ಅಡಗಿ ಕುಳಿತಿರುತ್ತದೆ. ಅದು ಶೋಲಾ ಕಾಡು. ಹುಲ್ಲಿನಿಂದ ಅದರೊಳಗೆ ಹೋಗಲು ಒಂದೇ ಹೆಜ್ಜೆ ಸಾಕು. ಈ ಕಾಲು ಬಿಸಿಲಿನಲ್ಲಿ, ಆ ಕಾಲು ಕತ್ತಲಲ್ಲಿ! ಒಳಗೆ ಹಾವಸೆ ಮೆತ್ತಿಕೊಂಡ ಕುಳ್ಳ ಮರಗಳು, ಕೊಂಬೆಯ ತುಂಬ ಆರ್ಕಿಡ್, ಕಾಲಡಿಯಲ್ಲಿ ಪಾದ ಮುಳುಗುವಷ್ಟು ತರಗೆಲೆ, ಎಲ್ಲಿಂದಲೋ ತೊಟ್ಟಿಕ್ಕುವ ನೀರು. ಪಡುವಣಕ್ಕೆ ನಡೆದರೆ ಒಂದು ಕಡೆ ನೆಲವೇ ನಿಂತುಹೋಗುತ್ತದೆ. ಮುಂದೆ ಗೋಡೆಯಂತೆ ಇಳಿದ ಬಂಡೆ, ತೀರ ಕೆಳಗೆ ಕೇರಳದ ಮಳೆಕಾಡು. ಅಲ್ಲಿಂದ ಗಾಳಿ ಮೋಡವನ್ನು ನೇರ ನಮ್ಮ ಮುಖಕ್ಕೆ ತಂದು ಬಡಿಯುತ್ತದೆ.

ಈ ಬೋಳುಗುಡ್ಡಗಳನ್ನು ಕಂಡವರಿಗೆಲ್ಲ ಮೊದಲು ಏಳುವ ಪ್ರಶ್ನೆ: ಕಾಡನ್ನು ಕಡಿದದ್ದು ಯಾರು? 19ನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಇದನ್ನು ಪಾಳುಭೂಮಿ ಎಂದು ಬರೆದುಕೊಂಡರು. ಈಗ ಬರುವ ಪ್ರವಾಸಿಗರೂ ಅಯ್ಯೋ, ಗಿಡ ನೆಡಬಾರದಿತ್ತೇ ಎನ್ನುತ್ತಾರೆ. ಉತ್ತರವನ್ನು ಆ ಬೆಳಗಿನ ಹಿಮವೇ ಹೇಳುತ್ತದೆ. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿದ್ದಾಗ ಬಯಲಿನ ಬಿಸಿಯೆಲ್ಲ ಮೇಲಕ್ಕೆ ಹೊರಟುಹೋಗುತ್ತದೆ. ಹುಲ್ಲಿನ ಮಟ್ಟದಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಶೋಲಾದ ಬೀಜ ಬಯಲಿಗೆ ಬಿದ್ದು ಮೊಳೆತರೂ ಆ ಎಳೆಯ ಸಸಿ ಒಂದೇ ರಾತ್ರಿಗೆ ಕರಕಲಾಗುತ್ತದೆ. ಕಾಡಿನ ಸೂರಿನ ಕೆಳಗಾದರೆ ಬಿಸಿ ಉಳಿಯುತ್ತದೆ, ಅಲ್ಲಿ ಸಸಿ ಬದುಕುತ್ತದೆ. ಹುಲ್ಲಿಗೆ ಹಿಮವೂ ಲೆಕ್ಕವಿಲ್ಲ, ಬೆಂಕಿಯೂ ಲೆಕ್ಕವಿಲ್ಲ. ಮೇಲಿನದೆಲ್ಲ ಸುಟ್ಟುಹೋದರೂ ಅದರ ಜೀವ ನೆಲದ ಮಟ್ಟದಲ್ಲಿ, ಬುಡದ ಗಂಟಿನಲ್ಲಿ ಭದ್ರವಾಗಿರುತ್ತದೆ. ಯಾರೂ ಕಡಿಯಲಿಲ್ಲ! ಇಲ್ಲಿ ಹುಲ್ಲು ಇರುವುದು ಹುಲ್ಲಿನ ಹಕ್ಕಿನಿಂದ.

ಇಷ್ಟು ಹೇಳಿದರೆ ಅನುಮಾನ ಉಳಿಯಬಹುದು. ಸಾವಿರ ವರ್ಷದ ಹಿಂದೆ ಯಾರಾದರೂ ಸುಟ್ಟು ಬೋಳಿಸಿರಬಾರದೇಕೆ? ಅದಕ್ಕೆ ಸಾಕ್ಷಿ ಬೇಕು. ಆ ಸಾಕ್ಷಿ ಕಾಲ ಕೆಳಗೇ ಇದೆ ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಎರಡು ಗುಡ್ಡಗಳ ನಡುವಿನ ತಗ್ಗುಗಳಲ್ಲಿ ನೀರು ಹರಿಯದೆ ನಿಂತು ಹುದುಲಾಗಿರುತ್ತದೆ. ದೂರದಿಂದ ನೋಡಿದರೆ ಅಚ್ಚ ಹಸಿರು ಸಮತಟ್ಟು, ಓಡಿಹೋಗಿ ಉರುಳಾಡಬೇಕು ಎನಿಸುವಂಥದು. “ಕಾಲಿಡಬೇಡಿ ಸಾರ್, ಎಮ್ಮೆಯೇ ಹೂತುಹೋಗುತ್ತೆ” ಎಂದರು ಜೊತೆಗಿದ್ದ ಅರಣ್ಯ ಕಾವಲುಗಾರರು. ಹಾಗೆಂದವರೇ ಕೈಯಲ್ಲಿದ್ದ ಕೋಲನ್ನು ಅದರೊಳಗೆ ಇಳಿಸಿ ತೋರಿಸಿದರು. ಕೋಲು ಇಳಿಯಿತು, ಇನ್ನೂ ಇಳಿಯಿತು, ಅವರ ಮುಷ್ಟಿ ಹುಲ್ಲಿಗೆ ತಾಗುವವರೆಗೂ ಇಳಿಯಿತು, ತಳ ಸಿಕ್ಕಲಿಲ್ಲ! ಎಳೆದಾಗ ತುದಿಗೆ ಮೆತ್ತಿಕೊಂಡಿದ್ದ ಕರಿಯ ಮಣ್ಣನ್ನು ಬೆರಳಲ್ಲಿ ಉಜ್ಜಿದೆ. ಮಣ್ಣಿನ ಒರಟುತನವೇ ಇಲ್ಲ, ಬೆಣ್ಣೆಯಷ್ಟು ನುಣುಪು. ಅದರೊಳಗೆ ಕೂದಲೆಳೆಯಂಥ ಕಂದು ನಾರು, ಯಾವುದೋ ಕಾಲದ ಜೊಂಡಿನ ಬೇರು, ಇನ್ನೂ ಕೊಳೆಯದೆ ಉಳಿದಿತ್ತು.

ಅದು ಪೀಟ್. ಸತ್ತ ಹುಲ್ಲು, ಜೊಂಡು, ಎಲೆ ಎಲ್ಲ ನೀರಿನಡಿ ಸೇರಿ, ಅಲ್ಲಿ ಗಾಳಿಯಿಲ್ಲದೆ, ಹುಳಿಯಲ್ಲಿ, ತಂಪಿನಲ್ಲಿ, ಕೊಳೆಯಲಾರದೆ ಪದರ ಪದರವಾಗಿ ಕೂತಿರುತ್ತದೆ. ಉಪ್ಪಿನಕಾಯಿ ಜಾಡಿಯಲ್ಲಿ ಮಿಡಿ ಕೆಡದೆ ಉಳಿಯುತ್ತದಲ್ಲ, ಅದೇ ಕತೆ. ಆ ಜಾಡಿಯಲ್ಲಿ ಹೂವಿನ ಪರಾಗ ಸಹ ಹಾಗೇ ಉಳಿದಿರುತ್ತದೆ! ಊಟಿಯ ಹತ್ತಿರದ ಸ್ಯಾಂಡಿನಲ್ಲ ಕಣಿವೆಯ ಪೀಟಿನ ಪದರಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. ಫಲಿತಾಂಶ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಓದಿದ ಲಿಪಿ ಇಂಗಾಲ. ಗಾಳಿಯ ಇಂಗಾಲದಲ್ಲಿ ಹಗುರದ್ದೊಂದು ಬಗೆ, ಒಂಚೂರು ಭಾರದ್ದೊಂದು ಬಗೆ ಇರುತ್ತದೆ. ಮರಗಿಡಗಳು ಅವನ್ನು ಹೀರಿಕೊಳ್ಳುವ ಲೆಕ್ಕ ಬೇರೆ, ಬಿಸಿನಾಡಿನ ಬಹುಪಾಲು ಹುಲ್ಲುಗಳ ಲೆಕ್ಕ ಬೇರೆ. ಸತ್ತು ಸಾವಿರಾರು ವರ್ಷ ಕಳೆದರೂ ಆ ಲೆಕ್ಕ ಅಳಿಸುವುದಿಲ್ಲ. ಹಾಗಾಗಿ ಒಂದೊಂದು ಪದರವೂ, ನನ್ನ ಕಾಲದಲ್ಲಿ ಇಲ್ಲಿ ಹೆಚ್ಚಿದ್ದದ್ದು ಮರವೋ ಹುಲ್ಲೋ ಎಂಬುದನ್ನು ತಾನೇ ಹೇಳುತ್ತದೆ.

ಏನು ಹೇಳಿತು ಗೊತ್ತೇ? 20,000 ವರ್ಷದ ಹಿಂದೆ, ಜಗತ್ತಿನ ಉತ್ತರ ಭಾಗದ ದೊಡ್ಡ ಪಾಲು ಹಿಮದ ಹೊದಿಕೆಯಡಿ ಇದ್ದ ಕಾಲಕ್ಕೆ, ನೀಲಗಿರಿಯಲ್ಲಿ ಮಳೆ ಕಡಿಮೆ, ಹುಲ್ಲಿನದೇ ರಾಜ್ಯ. ಸುಮಾರು 10,000 ವರ್ಷದ ಹಿಂದೆ ಮುಂಗಾರು ಬಲಗೊಂಡಿತು. ಕಾಡು ಸಂದುಗಳಿಂದ ಮೇಲೆದ್ದು ಗುಡ್ಡ ಹತ್ತಿತು. ಆಮೇಲೆ ಮತ್ತೆ ಒಣಗಾಲ. ಕಾಡು ಹಿಂದೆ ಸರಿಯಿತು, ಹುಲ್ಲು ಕೆಳಗಿಳಿಯಿತು. ಹೀಗೆ ಮುಂದೆ ಹಿಂದೆ, ಮುಂದೆ ಹಿಂದೆ! ಕೊಡಲಿ ಹಿಡಿದ ಮನುಷ್ಯ ಈ ಗುಡ್ಡಗಳಿಗೆ ಬರುವ ಎಷ್ಟೋ ಮೊದಲೇ ಹುಲ್ಲೂ ಕಾಡೂ ಮಳೆಯ ತಾಳಕ್ಕೆ ಜಾಗ ಬದಲಿಸುತ್ತಲೇ ಇದ್ದವು. ನಾವು ಪಾಳು ಎಂದು ಕರೆದ ಬಯಲಿಗೆ ಹಂಪಿ, ಹಳೇಬೀಡು ಯಾವುದೂ ವಯಸ್ಸಿನಲ್ಲಿ ಹತ್ತಿರವೂ ಬರುವುದಿಲ್ಲ. ಇಂಥ ದಫ್ತರವೊಂದು ಊಟಿಗೆ ಹೋಗುವ ದಾರಿಯ ಮಗ್ಗುಲಲ್ಲೇ ಬಿದ್ದಿದೆ. ನಾವೋ ಕಾರಿನ ಕಿಟಕಿ ಏರಿಸಿಕೊಂಡು ಮುಂದೆ ಹೋಗುತ್ತಿದ್ದೇವೆ.

ಹುದುಲಿನ ಅಂಚಿನಲ್ಲಿ ಮಳೆಗಾಲದ ಕೊನೆಗೆ ಮಂಡಿಯೂರಿ ಕೂರಬೇಕು. ಬಟ್ಟೆ ಒದ್ದೆಯಾಗಲಿ, ಪರವಾಗಿಲ್ಲ. ಹುಲ್ಲಿನ ನಡುವೆ ಗೇಣುದ್ದವೂ ಇಲ್ಲದ ಒಂದು ಗಿಡ, ಅದರ ಸಣ್ಣ ಎಲೆಗಳ ಸುತ್ತ ಕೆಂಪು ರೋಮ, ಒಂದೊಂದು ರೋಮದ ತುದಿಗೂ ಹೊಳೆಯುವ ಒಂದು ಹನಿ. ಮಧ್ಯಾಹ್ನದ ಬಿಸಿಲಿಗೂ ಆ ಹನಿ ಆರುವುದಿಲ್ಲ, ಏಕೆಂದರೆ ಅದು ಇಬ್ಬನಿಯಲ್ಲ, ಅಂಟು. ಇದು ಡ್ರೊಸೆರಾ. ನಾನು ನೋಡುತ್ತಿದ್ದಂತೆಯೇ ಸೊಳ್ಳೆಗಿಂತ ಸಣ್ಣ ನೊಣವೊಂದು ಬಂದು ಕೂತಿತು. ಕೂತದ್ದೇ ತಡ, ಒಂದು ಕಾಲು ಸಿಕ್ಕಿತು. ಅದನ್ನು ಬಿಡಿಸಿಕೊಳ್ಳಲು ಒದ್ದಾಡಿತು, ರೆಕ್ಕೆಯೂ ಸಿಕ್ಕಿತು. ಪಕ್ಕದ ರೋಮಗಳು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಅದರ ಕಡೆಗೆ ಬಾಗತೊಡಗಿದವು. ಗಿಡ ಊಟಕ್ಕೆ ಕೂತಿದೆ! ಪೀಟಿನಲ್ಲಿ ನೀರು ಬೇಕಾದಷ್ಟು, ಸಾರಜನಕ ಮಾತ್ರ ತೀರ ಕಡಿಮೆ. ಬೇರಿಗೆ ಸಿಗದ್ದನ್ನು ಈ ಗಿಡ ಗಾಳಿಯಿಂದ ಬೇಟೆಯಾಡಿ ತಂದುಕೊಳ್ಳುತ್ತದೆ. ಮಳೆ ಮುಗಿದು ನೆಲ ಒಣಗಿತೋ, ಮೇಲಿನ ಗಿಡ ಮಾಯ. ಮಣ್ಣೊಳಗೆ ಒಂದು ಪುಟ್ಟ ಗಡ್ಡೆ ಮುಂದಿನ ಮಳೆಗೆ ಕಾದಿರುತ್ತದೆ.

ಈಗ ತಲೆ ಎತ್ತಿ, ಬಂಡೆಯ ಅಂಚಿನತ್ತ ನೋಡಿ. ನೀಲಗಿರಿ ತಾರ್! ತಮಿಳರು ವರೆಯಾಡು ಎನ್ನುತ್ತಾರೆ, ಅವರ ರಾಜ್ಯಪ್ರಾಣಿ. ಮೋಡ ಸರಿದಾಗ ಮೊದಲು ಕಂಡದ್ದು ಒಂದು ಹೆಣ್ಣು, ಪ್ರಪಾತದ ತೀರ ತುದಿಯಲ್ಲಿ, ನಾಲ್ಕು ಗೊರಸಿಗೂ ಸೇರಿ ನಮ್ಮ ಎರಡು ಅಂಗೈಯಷ್ಟು ಜಾಗದಲ್ಲಿ ನಿಂತು ಕೆಳಗೆ ನೋಡುತ್ತಿತ್ತು. ಹಿಂದೆ ಹಿಂಡು ನಿಶ್ಚಿಂತೆಯಿಂದ ಮೇಯುತ್ತಿತ್ತು. ಒಂದು ಮರಿಗೆ ವಾರದ ವಯಸ್ಸೂ ಆಗಿರಲಾರದು, ಸೆಟೆದು ನಿಂತ ಬಂಡೆಯ ಮೇಲೆ ಆಟಕ್ಕೆ ಜಿಗಿಯುತ್ತಿದೆ! ನನ್ನ ಉಸಿರು ನಿಂತಿತ್ತು, ತಾಯಿ ತಿರುಗಿಯೂ ನೋಡಲಿಲ್ಲ. ಮುದಿ ಗಂಡುಗಳು ಬೇರೆಯೇ ಗಾಂಭೀರ್ಯದವು: ಮೈ ಕಪ್ಪಾಗಿ, ಬೆನ್ನ ಮೇಲೆ ಜೀನು ಹಾಕಿದಂತೆ ಬೆಳ್ಳಿಬಣ್ಣದ ಪಟ್ಟೆ, ಹಿಂದಕ್ಕೆ ಬಾಗಿದ ಕೊಂಬು.

ಹಿಮಾಲಯದಲ್ಲೂ ತಾರ್ ಇದೆ, ಅರೇಬಿಯದಲ್ಲೂ ಇದೆ. ನೋಡಲು ಅಣ್ಣತಮ್ಮಂದಿರ ಹಾಗಿರುವ ಈ ಮೂವರನ್ನೂ ಬಹಳ ಕಾಲ ಒಂದೇ ಕುಲಕ್ಕೆ ಸೇರಿಸಿದ್ದರು. 2005ರಲ್ಲಿ ಡಿಎನ್‌ಎ ನೋಡಿದಾಗ ಎಲ್ಲ ಬುಡಮೇಲು! ನೀಲಗಿರಿಯದು ಹಿಮಾಲಯದ ತಾರ್‌ನ ತಮ್ಮನೇ ಅಲ್ಲ. ಅದರ ಹತ್ತಿರದ ನೆಂಟ ಕುರಿ. ಈಗ ಅದಕ್ಕೆ ತನ್ನದೇ ಕುಲ, ಆ ಕುಲದಲ್ಲಿ ಅದೊಂದೇ. ಇಡೀ ಜಗತ್ತಿನಲ್ಲಿ ತಮಿಳುನಾಡು ಮತ್ತು ಕೇರಳದ ಈ ಎತ್ತರದ ಹುಲ್ಲುಗಾವಲುಗಳ ಹೊರತು ಬೇರೆಲ್ಲೂ ಅದು ಸ್ವತಂತ್ರವಾಗಿ ಬದುಕಿಲ್ಲ. ಇನ್ನೊಂದು ವಿಚಿತ್ರ ನೋಡಿ. ಇದೇ ಬಯಲಿನ ಅಂಚಿನಲ್ಲಿ ಗಂಟುಗಂಟು ಕಾಂಡದ ಒಂದು ಮರ ಚಳಿಗಾಲದಲ್ಲಿ ರಕ್ತಗೆಂಪು ಗೊಂಚಲು ಬಿಡುತ್ತದೆ. ಅದು ರೋಡೊಡೆಂಡ್ರಾನ್. ಅದರ ಖಾಸಾ ಬಳಗ ಇರುವುದು 2,000 ಕಿಲೋಮೀಟರ್ ದೂರದ ಹಿಮಾಲಯದಲ್ಲಿ, ನಡುವೆ ಎಲ್ಲೂ ಸೇತುವೆಯಿಲ್ಲ. ಅಣ್ಣನಂತೆ ಕಾಣುವ ಪ್ರಾಣಿ ಅಣ್ಣನಲ್ಲ, ನಡುವೆ ದಖ್ಖನ್ ಅಡ್ಡ ಬಿದ್ದಿರುವ ಮರ ಮಾತ್ರ ಒಡಹುಟ್ಟು!

ಹಕ್ಕಿಗಳದೂ ಇದೇ ಬೆರಗು. ಶೋಲಾದ ಅಂಚಿನಿಂದ ಗುಂಪುಗುಂಪಾಗಿ ನಕ್ಕಂತೆ ಕೂಗುವ ಲಾಫಿಂಗ್‌ಥ್ರಶ್, ಕತ್ತಲ ನೆಲದಲ್ಲಿ ಕುಪ್ಪಳಿಸುವ ನೀಲಿ ಬೆನ್ನಿನ ಶೋಲಾಕಿಲಿ, ಎರಡೂ ಪಾಲಕ್ಕಾಡ್ ಕಣಿವೆ ದಾಟಿದರೆ ಬೇರೆಯವೇ ಆಗಿಬಿಡುತ್ತವೆ. ಸುಮಾರು 30 ಕಿಲೋಮೀಟರ್ ಅಗಲದ ಆ ತಗ್ಗಿನ ಬಿಸಿ ಗಾಳಿಯನ್ನು ಈ ಬೆಟ್ಟದ ಹಕ್ಕಿಗಳು ಹಾರಿ ದಾಟುವುದಿಲ್ಲ. ಲಕ್ಷಾಂತರ ವರ್ಷ ಆ ಕಡೆ ಈ ಕಡೆ ಬೇರೆ ಬೇರೆಯಾಗಿ ಬಾಳಿ, ಬೇರೆ ಪ್ರಭೇದಗಳೇ ಆಗಿವೆ. ಅತ್ತ ಉಲ್ಲಂಕಿಯ ಬಳಗದ ವುಡ್‌ಕಾಕ್ ಎಂಬುದು ಪ್ರತಿ ಚಳಿಗಾಲ ಹಿಮಾಲಯದಿಂದ ಇಡೀ ದೇಶ ದಾಟಿ ಬಂದು ಇದೇ ಶೋಲಾದ ತರಗೆಲೆಯ ಮೇಲೆ ತರಗೆಲೆಯ ಬಣ್ಣದಲ್ಲೇ ಕೂತಿರುತ್ತದೆ. ಒಂದಕ್ಕೆ 30 ಕಿಲೋಮೀಟರ್ ಸಮುದ್ರವಾಯಿತು, ಇನ್ನೊಂದಕ್ಕೆ ಇಡೀ ದೇಶವೇ ಒಂದು ಹಾರಾಟ.

ಬಿಸಿಲಿಗೆ ಕಾದ ಕಲ್ಲಿನ ಬಳಿ ಗುಳಿಮಂಡಲವೊಂದು ಸುರುಳಿ ಸುತ್ತಿರಬಹುದು, ಹೆಜ್ಜೆ ನೋಡಿ ಇಡಬೇಕು. ಕತ್ತಿನ ಮೇಲೆ ಕುದುರೆ ಲಾಳದ ಗುರುತು. ಎತ್ತರದ ಈ ಚಳಿನಾಡೇ ಅದರ ಮನೆ. ಹುಲ್ಲಿನ ಬುಡದಲ್ಲಿ ಹೆಬ್ಬೆರಳಿಗಿಂತ ಸಣ್ಣ ಪೊದೆಗಪ್ಪೆಗಳು. ಅವು ಗೊದಮೊಟ್ಟೆಯ ಕಾಲವನ್ನೇ ಬಿಟ್ಟುಬಿಟ್ಟಿವೆ, ಮೊಟ್ಟೆಯೊಡೆದರೆ ನೇರ ಪುಟಾಣಿ ಕಪ್ಪೆ! ಇಳಿಜಾರುಗಳಲ್ಲಿ ಕುರಿಂಜಿ 12 ವರ್ಷ ಸುಮ್ಮನಿದ್ದು, ಒಂದೇ ವರ್ಷ ಒಟ್ಟಿಗೆ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. 2006ರಲ್ಲಿ ಬಿಟ್ಟಿತ್ತು, 2018ರಲ್ಲಿ ಬಿಟ್ಟಿತು. ಇವೆಲ್ಲದರ ನಡುವೆ, ಮೈಲಿಗಟ್ಟಲೆ ಮರೆಯೇ ಇಲ್ಲದ ಈ ಬಯಲಿನಲ್ಲಿ, ಕಡವೆಯ ಜಾಡು ಹಿಡಿದು ಹುಲಿ ನಡೆಯುತ್ತದೆ. ನಾಗರಹೊಳೆಯ ಬಿದಿರಿನಲ್ಲಿ ಹುಲಿ ಕಂಡವರಿಗೆ ಇದನ್ನು ಊಹಿಸುವುದೇ ಕಷ್ಟ. ಹಿಮ ಬಿದ್ದ ಕಾಲುದಾರಿಯ ಕೆಸರಿನಲ್ಲಿ ಅದರ ಹೆಜ್ಜೆ ಗಟ್ಟಿಯಾಗಿ ಅಚ್ಚೊತ್ತಿತ್ತು. ಪಕ್ಕದಲ್ಲಿ ನನ್ನ ಅಂಗೈ ಇಟ್ಟು ನೋಡಿದೆ, ಚಿಕ್ಕದಾಯಿತು.

ಇಲ್ಲಿ ಬೀಳುವ ಮಳೆಯೂ ಸಾಮಾನ್ಯದ್ದಲ್ಲ. 2019ರ ಆಗಸ್ಟ್‌ನಲ್ಲಿ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಸುರಿಯಿತು. ಬೆಂಗಳೂರಿಗೆ ಹೆಚ್ಚುಕಡಿಮೆ ಇಡೀ ವರ್ಷ ಬರುವ ಮಳೆ. ಹುಲ್ಲೂ ಹುದುಲೂ ಮಳೆಯನ್ನು ಹಿಡಿದಿಟ್ಟುಕೊಂಡು ಬೇಸಿಗೆಯ ತನಕ ತೊಟ್ಟುತೊಟ್ಟಾಗಿ ಬಿಡುತ್ತವೆ. ಭವಾನಿಯ ನೀರು ಹೊರಡುವುದು ಈ ಮೇಲ್ಬಯಲಿನಿಂದ. ಪೈಕಾರ ಹೊಳೆಯೂ ಇಲ್ಲಿಯದೇ. ಅದೇ ಕೆಳಗಿಳಿದು ಮೊಯಾರ್ ಆಗಿ, ಬಂಡೀಪುರ ಮುದುಮಲೆಗಳ ನಡುವಿನ ಆಳದ ಕಮರಿಯಲ್ಲಿ ಹರಿದು, ಭವಾನಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಬಂಡೀಪುರದ ಕೆರೆಗಳು ಬತ್ತಿದಾಗ ಮೊಯಾರ್‌ಗೆ ಇಳಿಯುವ ಆನೆ ಕುಡಿಯುವ ನೀರಿನಲ್ಲಿ ಈ ಹುಲ್ಲಿನ ಪಾಲಿದೆ.

ಇದರ ಬೆಲೆ ಎಲ್ಲರಿಗಿಂತ ಮೊದಲು ತಿಳಿದಿದ್ದವರು ಇಲ್ಲಿಯ ಬುಡಕಟ್ಟಿನವರಾದ ತೋಡರು. ಅವರ ಎಮ್ಮೆ ಮೇಯುವುದು ಈ ಹುಲ್ಲನ್ನು. ಕಮಾನಿನಾಕಾರದ ಅವರ ಗುಡಿಗೆ ಹೊದಿಸುವುದು ಹುದುಲಿನಲ್ಲೇ ಬೆಳೆಯುವ ವಿಶೇಷ ಹುಲ್ಲನ್ನು. ಅವರ ನಂಬಿಕೆಯಲ್ಲಿ ಸತ್ತವರು ಸಾಗುವ ಲೋಕ ಇರುವುದು ಪಡುವಣದ ಈ ಅಂಚಿನತ್ತಲೇ. ಅವರ ಹೆಸರು ಮೊದಲು ಕಾಣಿಸುವ ಹಳೆಯ ದಾಖಲೆಗಳಲ್ಲಿ ಒಂದು ನಮ್ಮ ಚಾಮರಾಜನಗರದಲ್ಲಿದೆ! ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಬೆದರಿಸಿ ನೀಲಗಿರಿಯನ್ನು ಗೆದ್ದ ಸಂಗತಿಯನ್ನು ಅಲ್ಲಿಯ 1117ರ ಶಾಸನ ಹೇಳುತ್ತದೆ. ಅಂದು ಆ ದಂಡು ಹತ್ತಿಬಂದಾಗ ಕಣ್ಣಿಗೆ ಬಿದ್ದ ಬಯಲು ಇದೇ, ಹುಲ್ಲು ಇದೇ.

ಆ ಬಯಲಿನ ಬಹುಪಾಲು ಇಂದು ಇಲ್ಲ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. 1843ರಲ್ಲಿ ನೀಲಗಿರಿ ಗಿಡ ಬಂತು. ಆಸ್ಟ್ರೇಲಿಯದಿಂದ ವಾಟಲ್ ಎಂಬ ಮರ ಬಂತು, ಸೌದೆಗೆಂದು, ಆಮೇಲೆ ಚರ್ಮ ಹದಮಾಡುವ ತೊಗಟೆಗೆಂದು. ಸ್ವಾತಂತ್ರ್ಯದ ನಂತರವೂ ದಶಕಗಳ ಕಾಲ ನಾವೇ ಗುಡ್ಡಗಟ್ಟಲೆ ನೆಟ್ಟೆವು. ಇಂಗ್ಲಿಷರು ತಮ್ಮ ನಾಡಿನ ಬಯಲುಗುಡ್ಡಗಳ ನೆನಪಿಗೆ ಹಳದಿ ಹೂವಿನ ಗೋರ್ಸ್ ಮತ್ತು ಬ್ರೂಮ್ ಪೊದೆಗಳನ್ನು ತಂದರು. ಅವೂ ಹುಲ್ಲನ್ನು ನುಂಗುತ್ತ ಹಬ್ಬಿದವು. ಶೋಲಾದ ಸಸಿಯನ್ನು ಸುಡುವ ಹಿಮ ವಾಟಲನ್ನು ಏನೂ ಮಾಡಲಾರದು. ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಒಂದು ಮರ ಕಡಿದರೆ ಆ ಜಾಗದಲ್ಲಿ ನೂರು ಸಸಿ ಏಳುತ್ತವೆ. 20 ಸಾವಿರ ವರ್ಷದ ಮಳೆಯ ಏರಿಳಿತಕ್ಕೂ ಜಗ್ಗದ ಹುಲ್ಲು ನೂರೈವತ್ತು ವರ್ಷದಲ್ಲಿ ಇಷ್ಟು ಸೋತದ್ದು ಹೀಗೆ.

ಆದರೂ ಕೆಲಸ ಶುರುವಾಗಿದೆ. ಪರದೇಶಿ ಗಿಡಗಳನ್ನು ತೆಗೆಯುವಂತೆ ಮದ್ರಾಸ್ ಹೈಕೋರ್ಟ್ ಆದೇಶಿಸಿದೆ. ತಾರ್‌ಗಾಗಿಯೇ ತಮಿಳುನಾಡು ಸರ್ಕಾರ ಒಂದು ಯೋಜನೆ ಹಾಕಿಕೊಂಡಿದೆ. ಅಲ್ಲಿಯ ಎಣಿಕೆಯಲ್ಲಿ 2024ಕ್ಕೆ 1,031 ಸಿಕ್ಕವು, 2025ಕ್ಕೆ 1,303. ಹುಲ್ಲಿಗೂ ಈಗ ನರ್ಸರಿಗಳಿವೆ! ವಾಟಲ್ ತೆಗೆದ ಜಾಗದಲ್ಲಿ ಹುಲ್ಲು ತಾನಾಗಿ ಬರುವುದು ಕಡಿಮೆ. ಅದಕ್ಕೇ ಉಳಿದಿರುವ ಒಳ್ಳೆಯ ಬಯಲಿನಿಂದ ಒಂದು ಬುಡ ಕಿತ್ತು, ಬೇರುಸಮೇತ ಸೀಳಿ, ಒಂದೊಂದು ಸೀಳನ್ನೂ ತೊಟ್ಟೆಯಲ್ಲಿಟ್ಟು ಬೆಳೆಸಿ, ಮುಂಗಾರಿನ ಮೊದಲ ಮಳೆಗೆ ಗುಡ್ಡದ ಮೇಲೆ ಅಂಗೈ ಅಂತರದಲ್ಲಿ ಕೈಯಿಂದಲೇ ಊರುತ್ತಾರೆ. ಮೇಲೆದ್ದು ಬರುವ ವಾಟಲ್ ಸಸಿಗಳನ್ನು ಮುಂದೆ ವರ್ಷ ವರ್ಷವೂ ಕೀಳುತ್ತಲೇ ಇರಬೇಕು. 2030ರಲ್ಲಿ ಕುರಿಂಜಿ ಮತ್ತೆ ಹೂಬಿಡುವ ಸರದಿ. ಅಷ್ಟರೊಳಗೆ ಇನ್ನೂ ಎಷ್ಟು ಗುಡ್ಡಗಳಿಂದ ವಾಟಲ್ ಇಳಿದುಹೋಗುತ್ತದೆ ಎಂದು ಹೋಗಿ ನೋಡಬೇಕು.